ಜೀನ್ಸ್ ಗವಸಿನ ಪೆಡಲ್‌ಬೋರ್ಡ್

ನನ್ನ ಎಡಗೈಯ ಬೆರಳ ತುದಿಗಳಿಗೆ ನೀಲಿ ಹತ್ತಿತ್ತು. ಗಿಟಾರಿನ ತಂತಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮದಲ್ಲಿ ಕೂತ ಬಣ್ಣ ಸೋಪಿಗೂ ಹೋಗಲಿಲ್ಲ. ಇನ್ನೂ ಒಮ್ಮೆಯೂ ಒಗೆಯದ ಜೀನ್ಸ್ ಬಟ್ಟೆಯ ಬಣ್ಣ ಅದು. ರಾಯದುರ್ಗದ ನಮ್ಮ ಓಣಿಯಲ್ಲಿ ಬಹಳ ಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ. ನಮ್ಮ ಮನೆಯಲ್ಲಿ ಚಿಕ್ಕಮ್ಮ. ನನ್ನ ಪೆಡಲ್‌ಬೋರ್ಡಿಗೆ ದಿಂಬಿನ ಗವಸಿನಂಥದ್ದೊಂದನ್ನು ಹೊಲಿದುಕೊಟ್ಟವಳೂ ಅವಳೇ.

ಬೋರ್ಡು ಎಂದರೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಕಾಲಲ್ಲಿ ಒತ್ತುವ ಮೂರು ಪುಟ್ಟ ಡಬ್ಬಿಗಳು: ಶ್ರುತಿ ನೋಡಲು ಟ್ಯೂನರ್, ಸದ್ದನ್ನು ಒರಟಾಗಿಸಲು ಓವರ್‌ಡ್ರೈವ್, ಪ್ರತಿಧ್ವನಿಗೆ ಡಿಲೇ. ಗಿಟಾರಿನ ಸದ್ದು ಗೇಣುದ್ದದ ವೈರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿ, ಸದ್ದನ್ನು ಹಿಗ್ಗಿಸಿ ಹೊರಬಿಡುವ ಆಂಪ್ ಸೇರುತ್ತದೆ. ಆಂಪ್ ಬಳ್ಳಾರಿಯಲ್ಲಿ ಸಿಕ್ಕ ಹಳೆಯದು. ಅದರಿಂದ ಮೊದಲ ಸ್ವರ ಹೊರಟಾಗ ಅಡುಗೆಮನೆಯ ತಟ್ಟೆಗಳು ಝಲ್ಲೆಂದವು. ನಾನು ಒಬ್ಬಳೇ ನಕ್ಕೆ.

ಮಡಕಶಿರದ ಆರ್ಕೆಸ್ಟ್ರಾದವರು ಒಂದು ಮದುವೆ ರಿಸೆಪ್ಷನ್ನಿಗೆ ಬಂದು ನುಡಿಸಲು ಹೇಳಿದ್ದರು. ಹಿಡಿಸಿದರೆ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕಲಿತವಳಿಗೆ ಆ ಜಾಗ ಎಷ್ಟು ಬೇಕಿತ್ತೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹಲಗೆಗೆ ಗವಸು ತೊಡಿಸಿ, ಡಬ್ಬಿಗಳನ್ನು ಅದರ ಮೇಲೆಯೇ ಅಂಟಿಸಿದ್ದೆ. ವೈರು ಜೋತಾಡದಂತೆ ಗವಸಿನ ಮೇಲೆ ಪ್ಯಾಂಟಿನ ಸೊಂಟದಲ್ಲಿರುವಂಥ ಲೂಪುಗಳಿದ್ದವು. ಹೊರಡುವ ಹೊತ್ತಿಗೆ ಒಂದು ಲೂಪು ಸಡಿಲವೆನ್ನಿಸಿ, ಚಿಕ್ಕಮ್ಮ ಗವಸಿನೊಳಗಿಂದ ಹಲಗೆಯನ್ನಷ್ಟೇ ಹೊರಗೆಳೆದು, ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ರಿವೆಟ್ ಹೊಡೆದಳು.

“ನೋಡಬೇ, ಪ್ಯಾಂಟು ಹರಿದೀತು, ಇದು ಹರಿಯಂಗಿಲ್ಲ.”

“ಸಾಕು ಬಿಡು ಚಿಕ್ಕಮ್ಮ, ಬಸ್ಸಿಗೆ ಹೊತ್ತಾತು.”

ಪಾವಗಡದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಆಂಪನ್ನು ಬಗ್ಗಿ ನೋಡಿದ.

“ಏನಮ್ಮಾ ಇದು?”

“ಸ್ಪೀಕರ್ ಥರ, ಗಿಟಾರಿಗೆ.”

“ಹಂಗಾರೆ ಡ್ರೈವರಣ್ಣನ ಪಕ್ಕ ಇಕ್ಕು. ಹಾರನ್ ಕೆಟ್ಟೈತೆ.”

ಮಡಕಶಿರದಲ್ಲಿ, ತಗಡಿನ ಚಾವಣಿಯ ಕಲ್ಯಾಣಮಂಟಪದ ವೇದಿಕೆಯಲ್ಲಿ ಎಲ್ಲವನ್ನೂ ಜೋಡಿಸಿ ತಂತಿ ಮೀಟಿದೆ. ಸದ್ದಿಲ್ಲ. ಡಬ್ಬಿಗಳ ದೀಪಗಳೆಲ್ಲ ಉರಿಯುತ್ತಿದ್ದವು.

“ಜನ ಬರ್ತಾವ್ರೆ ಕಣಮ್ಮಾ,” ಎಂದರು ತಂಡದ ಯಜಮಾನರು, ಕೀಬೋರ್ಡಿನ ಹಿಂದಿನಿಂದ. “ಆಗ್ಲಿಲ್ಲ ಅಂದ್ರೆ ಹೇಳ್ಬಿಡು, ನಿನ್ನ ಗಿಟಾರೂ ಇದ್ರಾಗೇ ಬಾರಿಸ್ತೀನಿ.”

ಗಿಟಾರನ್ನು ನೇರವಾಗಿ ಆಂಪಿಗೆ ಸಿಕ್ಕಿಸಿದೆ: ಸದ್ದು ಬಂತು. ಟ್ಯೂನರ್ ಸೇರಿಸಿದೆ: ಬಂತು. ಓವರ್‌ಡ್ರೈವ್: ಬಂತು. ಡಿಲೇ ಸೇರಿಸಿದೊಡನೆ ಸತ್ತಿತು. ಡಿಲೇಗೆ ಹೋಗುವ ವೈರಿನುದ್ದಕ್ಕೂ ಬೆರಳಾಡಿಸುತ್ತಾ ಹೋದೆ. ಅಲ್ಲಿತ್ತು ಚಿಕ್ಕಮ್ಮನ ರಿವೆಟ್, ಲೂಪಿನ ಜೊತೆ ಒಳಗಿದ್ದ ವೈರನ್ನೂ ಚುಚ್ಚಿಕೊಂಡು, ಬಲು ಭದ್ರವಾಗಿ. ನನಗೆ ನಗು ಬಂತು. ಬೇರೆ ವೈರು ಇರಲಿಲ್ಲ.

“ಡಿಲೇ ತೆಗೀತೀನಿ ಸರ್. ಎಕೋ ಇರಲ್ಲ.”

“ಈ ತಗಡಿನ ಕೆಳಗೆ ಎಕೋ ಬೇರೆ ಬೇಕೇನಮ್ಮಾ ನಿಂಗೆ? ಶುರು ಮಾಡು!”

ಶುರು ಮಾಡಿದೆ. ಎರಡನೆಯ ಹಾಡಿನ ನಡುವೆ ಓವರ್‌ಡ್ರೈವ್ ಒತ್ತಿದಾಗ ಸದ್ದು ಚಾವಣಿಗೆ ಹೊಡೆದು ಮೈಮೇಲೆ ಬಂತು. ಊಟದ ಸಾಲಿನಲ್ಲಿದ್ದವರು ಎಲೆ ಬಿಟ್ಟು ಈ ಕಡೆ ತಿರುಗಿದರು. ತಲೆ ತಗ್ಗಿಸಿಕೊಂಡೇ ನುಡಿಸುತ್ತಿದ್ದ ನಾನು ಯಾವಾಗ ಮುಖ ಎತ್ತಿದೆನೋ ಗೊತ್ತಿಲ್ಲ. ಯಜಮಾನರು ಕೀಬೋರ್ಡಿನಿಂದ ಎರಡೂ ಕೈ ತೆಗೆದು, ಇನ್ನೊಂದು ಸುತ್ತು ನುಡಿಸೆಂದು ಬೆರಳು ತಿರುಗಿಸಿದರು.

ಸಾಮಾನು ಕಟ್ಟುವಾಗ ಅವರು ಹೇಳಿದ್ದು ಇಷ್ಟೇ: “ಅಮರಾಪುರದ ಮದುವೆಗೂ ಬಂದ್ಬಿಡು. ಅಲ್ಲಿ ಎಲ್ಲಾ ತೆಲುಗು ಹಾಡು, ಕಲ್ತ್ಕಂಡ್ ಬಾ.”

ತಂಡದ ಗಾಯಕಿಯ ಮನೆಯಲ್ಲಿ ಉಳಿದುಕೊಂಡೆ. ಮರುದಿನ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಆಂಪಿನ ಮೇಲೆಯೇ ಕೂತು, ಫೋನಿನಲ್ಲಿ ಮೊದಲ ತೆಲುಗು ಹಾಡು ಹಾಕಿ, ಗಿಟಾರ್ ಹೊರತೆಗೆದೆ. ಪಾವಗಡದ ಬಸ್ಸು ಬಂತು. ಪಲ್ಲವಿ ಇನ್ನೂ ಕೈಗೆ ಹತ್ತಿರಲಿಲ್ಲ. ಆ ಬಸ್ಸು ಬಿಟ್ಟೆ.