ಪಂಪಲ್ಲ, ಪೈಪು

ಲಾರಿಯ ಪವರ್ ಸ್ಟೇರಿಂಗ್ ಕೆಟ್ಟರೆ ರಿಪೇರಿ ಷೆಡ್ಡಿನ ಗುರುಗಳ ಕಿವಿಗೆ ಒಪ್ಪಿಸಬೇಕು ಎಂದು ಆ ಹೆದ್ದಾರಿಯ ಡ್ರೈವರುಗಳೆಲ್ಲ ಹೇಳುತ್ತಿದ್ದರು. ಎಂಜಿನ್ ಓಡುತ್ತಿರುವಾಗ ಗುರುಗಳು ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ಆಮೇಲೆ 'ಪಂಪು' ಎಂದರೆ ಪಂಪು, 'ಬಾಕ್ಸು' ಎಂದರೆ ಸ್ಟೇರಿಂಗ್ ಬಾಕ್ಸು. ಮಾತು ತಪ್ಪಿದ್ದೇ ಇಲ್ಲ. ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ. ದೊಡ್ಡವರ ಗತ್ತು ಹಾಗೇ ಇರಬೇಕು ಎಂದು ಡ್ರೈವರುಗಳು ಅದನ್ನೂ ಮೆಚ್ಚಿಕೊಂಡಿದ್ದರು.

ಗತ್ತೂ ಇಲ್ಲ, ಗಿತ್ತೂ ಇಲ್ಲ. ಗುರುಗಳಿಗೆ ಕಿವಿ ಕೇಳುತ್ತಿರಲಿಲ್ಲ. ಕಬ್ಬಿಣ ಬಡಿದೂ ಬಡಿದೂ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಬಾಯಿ ಹಚ್ಚಿ ಹೇಳಿದರೆ ಅಷ್ಟೋ ಇಷ್ಟೋ. ಇದು ಗೊತ್ತಿದ್ದದ್ದು ಅವರಿಗೆ ಮತ್ತು ಅವರ ಹೆಂಡತಿಗೆ ಮಾತ್ರ. ಹೆಂಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು.

ಸ್ಟೇರಿಂಗಿನ ದೋಷ ಹುಡುಕಲು ಇಬ್ಬರು ಬೇಕು. ಒಬ್ಬರು ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಚಕ್ರ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ನೋಡಬೇಕು. ಮದುವೆಯಾದ ಹೊಸತರಲ್ಲಿ ಬೇರೆ ಆಳಿಲ್ಲದೆ ಗುರುಗಳು ಹೆಂಡತಿಯನ್ನು ಮೇಲೆ ಕೂರಿಸಿದರು. ತಿರುಗಿಸುತ್ತ ತಿರುಗಿಸುತ್ತ ಕೆಲಸ ಅವಳ ಕೈಗೆ ಹತ್ತಿತು. ಯಾವ ಬಿಗಿ ಎಣ್ಣೆಯದು, ಯಾವ ಜಗ್ಗು ಸವೆದ ಜಾಯಿಂಟಿನದು ಎಂದು ಅಂಗೈಯಲ್ಲೇ ತಿಳಿಯತೊಡಗಿತು. ಅತ್ತ ಗಂಡನ ಕಿವಿ ಮಂದವಾಯಿತು. ಹತ್ತು ಜನರ ಮುಂದೆ ಗಂಡನ ಮರ್ಯಾದೆ ಹೋಗಬಾರದೆಂದು ಒಂದು ದಾರಿ ಹುಡುಕಿದವಳೂ ಅವಳೇ. ಸೀಟಿನಿಂದ ಇಳಿದು ಬಂದು, ಕೈ ಒರೆಸಿಕೊಂಡ ಬಟ್ಟೆಯನ್ನು ಸುಮ್ಮನೆ ಎಂಬಂತೆ ಎಲ್ಲೋ ಒಂದು ಕಡೆ ಹಾಕುತ್ತಿದ್ದಳು. ಪಂಪಿನ ಮೇಲೆ ಬಟ್ಟೆ ಬಿದ್ದರೆ ಗುರುಗಳು ಕಣ್ಣು ತೆರೆದು 'ಪಂಪು' ಎನ್ನುತ್ತಿದ್ದರು.

ಮೊದಮೊದಲು ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಇದನ್ನು ನೆನೆದು ನಗುತ್ತಿದ್ದರು. ಬರಬರುತ್ತ ಗುರುಗಳು ನಗುವುದನ್ನು ಬಿಟ್ಟರು. 'ಇವತ್ತು ನಾನು ದೋಷ ಸರಿಯಾಗಿ ಹಿಡಿದೆ ನೋಡು' ಎಂದು ಅವಳಿಗೇ ಹೇಳತೊಡಗಿದರು. ಹೋಗಲಿ ಎಂದು ಅವಳು ಹೊಟ್ಟೆಗೆ ಹಾಕಿಕೊಂಡಳು. ಹಾಗೆ ಹಾಕಿಕೊಂಡದ್ದು ಹೊಟ್ಟೆಯಲ್ಲಿ ಕರಗುತ್ತದೆ ಎಂದುಕೊಂಡದ್ದೇ ಅವಳ ತಪ್ಪು.

ಗುರುಗಳ ಸೊಂಟ ಬಿದ್ದುಹೋದ ವರ್ಷ, ಪಕ್ಕದಲ್ಲೇ ಒಂದು ದೊಡ್ಡ ಸಾರಿಗೆ ಕಂಪನಿ ಡಿಪೋ ತೆರೆಯಿತು. ಸ್ಟೇರಿಂಗ್ ಕೆಲಸಕ್ಕೆ ಕಾಯಂ ಜನ ಬೇಕೆಂದು ಸುದ್ದಿ ಬಂತು. ಅಕ್ಕ ಗಂಡನ ಬಲಗಿವಿಯ ಹತ್ತಿರ ಕೂತು ಹೇಳಿದಳು.

"ರೀ, ನಿಮ್ ಕೈಲಿ ಇನ್ನು ಲಾರಿ ಕೆಳಗೆ ನುಗ್ಗೋಕಾಗಲ್ಲ. ಆ ಕೆಲಸ ನಾನು ಮಾಡ್ತೀನಿ. ನಾನಾಗಿ ಹೇಳಿದ್ರೆ ಯಾರೂ ನಂಬಲ್ಲ. ದೋಷ ಹಿಡಿಯೋಳು ಇವಳೇ ಅಂತ ನೀವು ಒಂದು ಮಾತು ಹೇಳಿ, ಸಾಕು."

ಗುರುಗಳು ತುಂಬ ಹೊತ್ತು ಅಂಗೈ ನೋಡಿಕೊಂಡರು. ಆಮೇಲೆ "ಹೇಳ್ತೀನಿ ಬಿಡು" ಎಂದರು. ಅಕ್ಕನಿಗೆ ಅಂಥ ಸಂತೋಷ ಎಂದೂ ಆಗಿರಲಿಲ್ಲ.

ಪರೀಕ್ಷೆಗೆಂದು ಡಿಪೋದ ಮ್ಯಾನೇಜರ್ ಒಂದು ಲಾರಿಯನ್ನೇ ಷೆಡ್ಡಿಗೆ ತಂದ. ನಿಧಾನಕ್ಕೆ ತಿರುಗಿಸಿದರೆ ಚಕ್ರ ಕಲ್ಲಿನಷ್ಟು ಭಾರ, ಜೊತೆಗೆ ಹಸಿದ ಕರುವಿನ ಹಾಗೆ ಒಂದು ನರಳಾಟ. "ಎರಡು ಸಲ ಪಂಪ್ ಬದಲಾಯಿಸಿದ್ವಿ. ಹಾಕಿದಾಗ ನಾಲ್ಕು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತದೇ ರಾಗ" ಎಂದ. ಆ ಮಾತು ಕೇಳಿದೊಡನೆ ಅಕ್ಕನಿಗೆ ಅರ್ಧ ಗೊತ್ತಾಯಿತು. ಮೇಲೆ ಕೂತು ಎಡಕ್ಕೂ ಬಲಕ್ಕೂ ತಿರುಗಿಸಿದಳು. ಇಳಿದು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದಳು. ಎಣ್ಣೆ ತುಂಬ ನೊರೆ. ಇನ್ನು ಅನುಮಾನ ಉಳಿಯಲಿಲ್ಲ. ಡಬ್ಬಿಯಿಂದ ಪಂಪು ಎಣ್ಣೆ ಎಳೆದುಕೊಳ್ಳುವ ರಬ್ಬರ್ ಪೈಪು ತುದಿಯಲ್ಲಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪಂಪು ಬದಲಾಯಿಸುವಾಗ ಪೈಪು ಬಿಚ್ಚಿ ಮತ್ತೆ ಕ್ಲಿಪ್ ಬಿಗಿಯುತ್ತಾರಲ್ಲ, ಆ ಬಿಗಿಗೆ ಬಿರುಕು ನಾಲ್ಕು ದಿನ ಮುಚ್ಚಿಕೊಂಡಿರುತ್ತದೆ.

ಅಕ್ಕ ಬಟ್ಟೆಯನ್ನು ಎಲ್ಲಿಯೂ ಹಾಕಲಿಲ್ಲ. ಹೆಗಲ ಮೇಲೇ ಇಟ್ಟುಕೊಂಡು ಗಂಡನ ಮುಖ ನೋಡಿದಳು.

ಗುರುಗಳು ಕಣ್ಣು ತೆರೆದರು. ಬಟ್ಟೆಗಾಗಿ ಹುಡುಕಿದರು. ಅವಳ ಹೆಗಲ ಮೇಲೆ ಕಂಡಿತು. ಕೊಟ್ಟ ಮಾತು ನೆನಪಾದದ್ದು ಅವರ ಮುಖದಲ್ಲೇ ತಿಳಿಯಿತು. ಆಮೇಲೆ ಮ್ಯಾನೇಜರನ ಕಡೆ ತಿರುಗಿ, "ಪಂಪು" ಎಂದರು.

"ಪಂಪಲ್ಲ, ಪೈಪು" ಎಂದಳು ಅಕ್ಕ. ಯಾಕೆಂದೂ ಬಿಡಿಸಿ ಹೇಳಿದಳು.

ಮ್ಯಾನೇಜರ್ ಎಂಜಿನ್ ನಿಲ್ಲಿಸಿ, ಕರೆದರೂ ಗುರುಗಳು ತಿರುಗಲಿಲ್ಲವೆಂದು ಅವರ ಬಲಕ್ಕೆ ಒತ್ತಿ ನಿಂತು ಜೋರಾಗಿ ಕೇಳಿದ. "ಏನ್ ಗುರುಗಳೇ, ಅಕ್ಕ ಪೈಪು ಅಂತಿದ್ದಾರೆ?"

"ಅವಳಿಗೇನ್ ಗೊತ್ತು? ಚಕ್ರ ತಿರುಗಿಸೋಕೆ ಕೂರಿಸ್ತೀನಿ, ಅಷ್ಟೆ" ಎಂದರು ಗುರುಗಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದೇ ಗಿಡದ ಕಷಾಯ ಕುಡಿದೇ ಬದುಕಿದವನು ಹೀಗೆಂದರೆ ಏನು ಹೇಳಬೇಕು?

ಹಿಂದಿನ ಎರಡೂ ಪಂಪು ಕಳಪೆಯಿರಬೇಕು ಎಂದು ಮ್ಯಾನೇಜರ್ ನಂಬಿದ, ಹೊಸ ಪಂಪು ಬಂತು. ಬಗ್ಗಲಾರದ ಗುರುಗಳು ಸ್ಟೂಲಿನ ಮೇಲೆ ಕೂತರು. ಲಾರಿಯ ಕೆಳಗೆ ನುಗ್ಗಿದವಳು ಅಕ್ಕ. ಒಂದು ತುಂಡು ಹೊಸ ಪೈಪು ತರಿಸಿಕೊಡಿ ಎಂದು ಕೇಳಿದಳು. ಮ್ಯಾನೇಜರ್ ನಕ್ಕ. ಕ್ಲಿಪ್ಪನ್ನು ಸಡಿಲ ಬಿಟ್ಟರೆ ದೋಷ ಪೈಪಿನದೆಂದು ಈಗಲೇ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು ಅವಳಿಗೆ. ಆದರೆ ಕೆಲಸ ಕಲಿತ ಕೈ ಅಂಥ ಮಾತು ಕೇಳುವುದಿಲ್ಲ. ಕ್ಲಿಪ್ಪನ್ನು ಸರಿಯಾಗಿಯೇ ಬಿಗಿದಳು.

ಲಾರಿ ಸದ್ದಿಲ್ಲದೆ, ಬೆಣ್ಣೆಯ ಹಾಗೆ ತಿರುಗಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. "ಗುರುಗಳೆಂದರೆ ಗುರುಗಳೇ" ಎಂದು ಮ್ಯಾನೇಜರ್ ಕೈ ಮುಗಿದ. ಕೆಲಸ ಅವರಿಗೇ ಸಿಕ್ಕಿತು. ಆ ಸಂಜೆ ಗುರುಗಳು ಬಹಳ ಪ್ರೀತಿಯಿಂದ, "ನೀನೂ ಬಾ. ತಿರುಗಿಸೋಕೆ ಒಬ್ರು ಬೇಕಲ್ಲ" ಎಂದರು. ಅಕ್ಕ ಹೋಗಲಿಲ್ಲ. ಗಂಡನಿಗೆ ಬುತ್ತಿ ಕಟ್ಟಿಕೊಟ್ಟಳು, ಅಂಗಿ ಒಗೆದುಕೊಟ್ಟಳು, ಅಷ್ಟೆ. ಅವರ ಮುಖ ನೋಡಿದರೆ ಅವಳಿಗೆ ಹೇಸಿಗೆಯಾಗುತ್ತಿತ್ತು. ಹಾಗನ್ನಿಸುವುದಕ್ಕೆ ಅಳುವೂ ಬರುತ್ತಿತ್ತು.

ವಾರ ತುಂಬುವ ಮೊದಲೇ ಅದೇ ಲಾರಿ ನರಳುತ್ತ ಷೆಡ್ಡಿನ ಮುಂದೆ ನಿಂತಿತು. ಮ್ಯಾನೇಜರ್ ಇಳಿದ, ಹಿಂದೆಯೇ ಗುರುಗಳು ಇಳಿದರು. ಡಿಪೋದಲ್ಲಿ ಅವರು ಬೆಳಗಿನಿಂದ ಕಣ್ಣು ಮುಚ್ಚಿ ನಿಂತು, ಒಮ್ಮೆ ಬಾಕ್ಸು, ಒಮ್ಮೆ ಜಾಯಿಂಟು ಎಂದಿದ್ದರಂತೆ.

"ಅಕ್ಕ, ನೀವು ತಿರುಗಿಸಿದ್ರೇನೇ ಅವರಿಗೆ ಸರಿಯಾಗಿ ಕೇಳಿಸೋದಂತೆ. ಒಂದ್ಸಲ ಬನ್ನಿ" ಎಂದ ಮ್ಯಾನೇಜರ್.

"ಅವರಿಗೆ ಕಿವಿ ಕೇಳಲ್ಲ" ಎಂದಳು ಅಕ್ಕ. "ಎಷ್ಟೋ ವರ್ಷದಿಂದ ಕೇಳಲ್ಲ. ಕೇಳಿಸ್ಕೊಂಡು ಹೇಳ್ತಿದ್ದದ್ದು ನಾನು."

ಮ್ಯಾನೇಜರ್ ಒಮ್ಮೆ ಅವಳನ್ನು, ಒಮ್ಮೆ ಗುರುಗಳನ್ನು ನೋಡಿದ. ಈಗ ತನ್ನನ್ನು ನಂಬುತ್ತಾನೆ ಎಂದು ಅವಳು ಕಾದಳು. ನಂಬಿದ, ನಂಬಿಯೇ ಮುಖ ಗಂಟಿಕ್ಕಿಕೊಂಡ.

"ಅಂದ್ರೆ ಗಂಡ ಹೆಂಡ್ತಿ ಸೇರ್ಕೊಂಡು ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದ್ದೀರಿ" ಎಂದ. "ನಾಳೆಯಿಂದ ಇವರು ಬರೋದು ಬೇಡ. ನೀವೂ ಆ ಕಡೆ ತಲೆ ಹಾಕಬೇಡಿ."

ಲಾರಿ ನರಳುತ್ತಲೇ ತಿರುಗಿಕೊಂಡು ಹೋಯಿತು. ಪೈಪು ಬದಲಾಯಿಸಿಕೋ ಎಂದು ಕೂಗಿ ಹೇಳಬೇಕೆನ್ನಿಸಿತು ಅವಳಿಗೆ. ಕೂಗಲಿಲ್ಲ.

ಗುರುಗಳು ಅವಳ ತೋಳು ಹಿಡಿದರು. "ಏನಂದ? ಯಾಕೆ ಹೋದ? ನೀನೇನ್ ಹೇಳಿದೆ ಅವನಿಗೆ?"

ಅಕ್ಕ ಅವರ ಬಲಗಿವಿಗೆ ಬಾಯಿ ಹಚ್ಚಿದಳು. ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿಯೇ ಅಭ್ಯಾಸವಾಗಿದ್ದ ಆ ಕಿವಿಯಲ್ಲಿ, ಎದುರು ಸಾಲಿನ ಅಂಗಡಿಯವರೆಲ್ಲ ತಲೆ ಎತ್ತಿ ನೋಡುವ ಹಾಗೆ ಹೇಳಿದಳು.

"ನೀವು ಕಿವುಡರು ಅಂದೆ."

ಅದೊಂದು ಅವರಿಗೆ ಚೆನ್ನಾಗಿ ಕೇಳಿಸಿತು. ತೋಳು ಬಿಟ್ಟು, ಸ್ಟೂಲು ಹುಡುಕಿಕೊಂಡು ಕೂತರು.