ನಮ್ಮ ಡಾಬರ್‌ಮನ್‌ಗೆ ಬಂದ ಸಂಬಂಧ

ನಮ್ಮದು ಡಾಬರ್‌ಮನ್. ನೋಡಿದವರ ಕೈಕಾಲು ನಡುಗಬೇಕು. ಆದರೆ ನಾವಿದ್ದ ದೆಹಲಿಯ ಮುನಿರ್ಕಾದ ಬೀದಿ ಬೆಕ್ಕು ಕಂಡರೆ ಅದಕ್ಕೇ ನಡುಕ. ಒಂದು ಭಾನುವಾರ ಅಪ್ಪ ಅದರ ಉಗುರು ಕತ್ತರಿಸಲು ಕೂತರು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್, ಕಡತದಲ್ಲಿ ಅಲ್ಪವಿರಾಮ ತೆಗೆಯಲೂ ಮೇಲಿನವರನ್ನು ಕೇಳುವ ಮನುಷ್ಯ, ಇಲ್ಲಿ ಮಾತ್ರ ಯಾರನ್ನೂ ಕೇಳದೆ ಬುಡಕ್ಕೇ ಕತ್ತರಿ ಹಾಕಿದರು. ಅಮ್ಮ ಅರಿಶಿನ ಒತ್ತಿದಳು, ಊರಿಂದ ತರಿಸಿದ್ದ ಕಾಫಿಪುಡಿಯನ್ನೂ ಒತ್ತಿದಳು. ಸಂಜೆಯಾದರೂ ರಕ್ತ ನಿಲ್ಲಲಿಲ್ಲ.

ನಾಯಿ ಡಾಕ್ಟರ ಹತ್ತಿರ ಹೋಗಲು ಆಟೋ ನಿಲ್ಲಿಸಿದೆವು. ಆಟೋದವನು, "ಕಾಟೇಗಾ ತೋ ನಹೀ?" ಎಂದ, ಕಚ್ಚೀತೆಂಬ ಭಯದಲ್ಲಿ. "ಡರ್‌ಪೋಕ್ ಹೈ ಭಯ್ಯಾ, ಚಲೋ!" ಎಂದು ಅದರ ಪುಕ್ಕಲುತನ ಬಯಲು ಮಾಡಿದಳು ಅಮ್ಮ.

"ಖಾನ್‌ದಾನಿ ಬೀಮಾರಿ ಹೈ, ಭಾಭೀಜಿ," ಎಂದರು ನಾಯಿ ಡಾಕ್ಟರು, ಪರೀಕ್ಷೆ ಮಾಡಿಸಿದ ಮೇಲೆ. ವಂಶದಿಂದ ಬಂದ ಕಾಯಿಲೆ; ಈ ತಳಿಯ ಕೆಲವು ನಾಯಿಗಳಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿ ಹುಟ್ಟಿನಿಂದಲೇ ಕಡಿಮೆಯಂತೆ. ಗಾಯವಾಗದಂತೆ ನೋಡಿಕೊಳ್ಳಿ, ಮರಿ ಮಾತ್ರ ಮಾಡಿಸಬೇಡಿ, ಅವಕ್ಕೂ ಬರುತ್ತದೆ ಎಂದರು.

ಮುಂದಿನ ತಿಂಗಳೇ ಅಪ್ಪನ ಸಾಹೇಬರು, ಧಾರವಾಡದ ಕಡೆಯವರು, ತಮ್ಮ ಹೆಣ್ಣು ಡಾಬರ್‌ಮನ್‌ಗೆ ಗಂಡು ಹುಡುಕುತ್ತಾ ನಮ್ಮ ಕ್ವಾರ್ಟರ್ಸ್‌ಗೇ ಬರಬೇಕೇ! ತಮಾಷೆಗೆಂದು ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಬೇರೆ.

ಅಪ್ಪ ಅಡುಗೆಮನೆಗೆ ಓಡಿ ಬಂದರು. "ಬಾಯಿ ಬಿಡಬೇಡ ಮಾರಾಯ್ತಿ. ನನ್ನ ಪ್ರಮೋಷನ್ ಇವರ ಕೈಲಿದೆ."

ಗಂಡಿನ ಕಡೆಯವರು ಕಾಯಿಲೆ ಮುಚ್ಚಿಡುವುದು ನಮ್ಮಲ್ಲಿ ಹೊಸದೇನಲ್ಲ. ನಾಯಿಗೂ ಆ ಮರ್ಯಾದೆ ಸಿಕ್ಕಿತಲ್ಲ ಎಂದು ನಾನು ಕಿಸಕ್ಕನೆ ನಕ್ಕೆ.

"ವರ ಭಾಳ ಛಲೋ ಅದಾನ್ರಿ," ಎಂದರು ಸಾಹೇಬರು. "ಮನೆತನ ಹೆಂಗ? ರೋಗ ಗೀಗ ಏನಿಲ್ಲಲ್ಲ?"

"ಛೇ ಛೇ, ಎಲ್ಲಿ ಬಂತು ಸರ್!" ಎಂದರು ಅಪ್ಪ.

ಅಮ್ಮ ಕಾಫಿ ಲೋಟಗಳನ್ನು ಕೆಳಗಿಟ್ಟಳು. "ಇದೆ ಸರ್. ಗಾಯವಾದರೆ ರಕ್ತ ನಿಲ್ಲಲ್ಲ. ಮರಿಗಳಿಗೂ ಬರುತ್ತೆ. ಬೇಡ."

ಸಾಹೇಬರ ಮುಖ ಹುಳ್ಳಗಾಯಿತು. ಅಪ್ಪನನ್ನು ಒಮ್ಮೆ ದುರುಗುಟ್ಟಿ ನೋಡಿ, ಕಾಫಿ ಮುಟ್ಟದೆ ತಟ್ಟೆ ಎತ್ತಿಕೊಂಡು ಹೊರಟುಬಿಟ್ಟರು.

ಬಾಗಿಲು ಹಾಕಿದ್ದೇ ತಡ, ಅಪ್ಪ ಸಿಡಿದರು. "ಒಂದು ನಾಯಿ ವಿಷಯ ಕಣೇ! ಸುಮ್ಮನಿರೋಕೆ ನಿನಗೇನು ಧಾಡಿ?"

"ನಮ್ಮ ಮದುವೆ ಮಾತಾಡೋವಾಗ ನಿಮ್ಮಮ್ಮ ಸುಮ್ಮನಿದ್ರಲ್ಲ," ಎಂದಳು ಅಮ್ಮ, ನನ್ನ ಕಡೆ ಕೈ ಮಾಡಿ. "ನಿಮ್ಮ ವಂಶದ ಉಬ್ಬಸದ ವಿಷಯ ನನಗೆ ಗೊತ್ತಾಗಿದ್ದು ಯಾವಾಗ? ಇವಳು ಉಸಿರು ಸಿಗದೆ ನನ್ನ ತೊಡೆ ಮೇಲೆ ನೀಲಿಗಟ್ಟಿದಾಗ."

ಅಪ್ಪ ನನ್ನ ಕಡೆ ನೋಡಿದರು. ಕೋಪ ಬರಬೇಕಿತ್ತು ನನಗೆ, ಆದರೆ ಪಾಪ ಅನ್ನಿಸಿತು. ಆ ಉಬ್ಬಸವನ್ನು ಅವರೇನು ಬೇಡಿ ತಂದಿದ್ದರೇ?