ಹೂಂ ಅತ್ತೆ, ಉಹೂಂ ಮಾವ

ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವಾಗ ಹುಡುಗರು ಅವಳನ್ನು ಕರೆಂಟ್ ಮೇಡಂ ಎನ್ನುತ್ತಿದ್ದರು. ಹೆರಿಗೆಯಾದ ಮೇಲೆ ಕರೆಂಟ್ ಮೇಡಮ್ಮಿಗೆ ಮಗುವಿನ ಬಟ್ಟೆ ಒಗೆಯುವುದೇ ಪಾಠ, ಲಾಲಿ ಹಾಡುವುದೇ ಲ್ಯಾಬು. ಆ ದಿನ ಪ್ರಿನ್ಸಿಪಾಲರ ಫೋನು ಬಂತು. "ಸೋಮವಾರದಿಂದ ಬೆಳಗಿನ ಕ್ಲಾಸಿಗೆ ಬರ್ತೀರೋ, ಬೇರೆಯವರನ್ನ ನೋಡ್ಕೊಳ್ಳೋಣವೋ? ಇವತ್ತೇ ಹೇಳ್ಬಿಡಿ."

ಹೋಗಲು ಅವಳ ಜೀವ ತುಡಿಯುತ್ತಿತ್ತು. ಆದರೆ ಅಷ್ಟು ಹೊತ್ತು ಮಗುವನ್ನು ಅತ್ತೆ ಮಾವ ನೋಡಿಕೊಳ್ಳಬೇಕಲ್ಲ!

ಅತ್ತೆ ಏನು ಕೇಳಿದರೂ "ಹೂಂ". ಮಾವ ಏನು ಕೇಳಿದರೂ "ಉಹೂಂ". ಎರಡೂ ಕೂಡಿದರೆ ಸೊನ್ನೆ. ಬೀದಿಯ ಆ ತುದಿಯವರು "ಎಂಥ ತಣ್ಣನೆ ಮನೆಯಪ್ಪಾ" ಎಂದು ಹೊಗಳುತ್ತಿದ್ದರು. ಡೈಪೋಲ್ ಅನ್ನುವುದೂ ಹಾಗೇ. ಸರಿಸಮನಾದ ಒಂದು ಪ್ಲಸ್ ಚಾರ್ಜು, ಒಂದು ಮೈನಸ್ ಚಾರ್ಜು ಜೋಡಿಯಾಗಿ ಕೂತಿರುತ್ತವೆ. ದೂರದವರಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು ಪಾಲು. ಪಕ್ಕದಲ್ಲಿ ಸಿಕ್ಕಿಕೊಂಡ ಚಾರ್ಜಿನ ಪಾಡು ಮಾತ್ರ ಯಾರಿಗೂ ಬೇಡ. ಈ ನಿಯಮವನ್ನು ಪುಸ್ತಕ ಮುಟ್ಟದೆಯೇ ಕಲಿತಿದ್ದ ಅವಳ ಗಂಡ, ಅಪ್ಪ ಅಮ್ಮ ಬಾಯಿ ತೆರೆದರೆ ಸಾಕು, ಸ್ಕೂಟರ್ ಒರೆಸಲು ಗೇಟಿನಾಚೆ ಹೋಗಿಬಿಡುತ್ತಿದ್ದ.

ಅತ್ತೆ ಮಾವ ಇಬ್ಬರೂ ಸೋಫಾದ ಎರಡು ತುದಿಯಲ್ಲಿದ್ದರು. ಅವಳು ಮಗುವನ್ನೆತ್ತಿಕೊಂಡು ಎದುರಿಗೆ ಸರಿಯಾಗಿ ನಡುವೆ ನಿಂತಳು.

"ನಾನು ಕ್ಲಾಸಿಗೆ ಹೋಗ್ಲಾ? ಪಾಪೂನ ನೋಡ್ಕೋತೀರಾ?"

"ಹೂಂ," ಅಂದರು ಅತ್ತೆ.

"ಉಹೂಂ. ನನ್ನ ಸೊಂಟ ಹಿಡ್ಕೊಳ್ಳುತ್ತೆ," ಅಂದರು ಮಾವ.

"ಹಿಡ್ಕೊಳ್ಳೋಕೆ ನಿಮಗೆ ಸೊಂಟ ಎಲ್ಲಿದೆ? ಬೆಲ್ಟೇ ನಿಲ್ಲಲ್ಲ!"

"ಆ ದರಿದ್ರ ಬೆಲ್ಟ್ ತಂದ್ಕೊಟ್ಟೋನು ನಿನ್ನ ತಮ್ಮ!"

ಮಾತು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಡ್ಡಕ್ಕೆ ಜಾರಿ ತಮ್ಮನ ಮದುವೆಯವರೆಗೂ ಹೋಯಿತು. ಅವಳು ಹಣೆ ಚಚ್ಚಿಕೊಂಡಳು. ಎರಡೂ ತುದಿಗೆ ಸಮದೂರದ ನಡುಗೆರೆಯಲ್ಲಿ ನಿಂತ ಚಾರ್ಜನ್ನು ಡೈಪೋಲ್ ಅಡ್ಡಕ್ಕೇ ನೂಕುತ್ತದೆ ಎಂದು ಬೋರ್ಡ್ ತುಂಬ ಬರೆದವಳು ತಾನೇ ಅಲ್ಲವೇ!

ಸರಿ, ಹತ್ತಿರದ ತುದಿಯದೇ ಮೇಲುಗೈ; ಒಪ್ಪಬೇಕಾದವರೋ ಮಾವ. ಅವಳು ಮಾವನ ಪಕ್ಕಕ್ಕೆ ಅಂಟಿ ಕೂತಳು.

"ಮಾವ, ಹೋಗ್ಲಾ?"

"ಉಹೂಂ!" ಕಿವಿ ಗುಂಯ್ ಎಂದಿತು.

ತುದಿ ಬದಲಾಗುವ ಆಸಾಮಿಯಲ್ಲ. ಹಾಗಿದ್ದರೆ ಚಾರ್ಜನ್ನೇ, ಅಂದರೆ ಪ್ರಶ್ನೆಯನ್ನೇ, ಬದಲಾಯಿಸಬೇಕು. ಮೈನಸ್ಸನ್ನು ನೂಕಿದ ತುದಿ ಪ್ಲಸ್ಸನ್ನು ಸೆಳೆಯಲೇಬೇಕು. ಅವಳು ಮುಖ ಸಪ್ಪೆ ಮಾಡಿ ಕೇಳಿದಳು:

"ಹಾಗಾದ್ರೆ ಪಾಪೂನ ಯಾವುದಾದರೂ ಶಿಶುವಿಹಾರಕ್ಕೆ ಬಿಟ್ಬಿಡ್ಲಾ ಮಾವ?"

"ಉಹೂಂ! ನನ್ನ ಮೊಮ್ಮಗಳು ಯಾರದೋ ಕಂಕುಳಲ್ಲಿ ಅಳಬೇಕಾ? ಕೊಡಿಲ್ಲಿ!"

ಆ ತುದಿಯಿಂದ ಅತ್ತೆ ಅಭ್ಯಾಸಬಲದಿಂದ "ಹೂಂ" ಅಂದರು. ಅಷ್ಟು ದೂರದಿಂದ ಅದು ಯಾರಿಗೂ ಕೇಳಿಸಲಿಲ್ಲ.

ಮಗು ತಾತನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು. ಅವಳು ತಡಮಾಡದೆ ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದಳು. "ಬರ್ತೀನಿ ಸರ್."

ಅತ್ತೆ ನಿಟ್ಟುಸಿರಿಟ್ಟರು. "ಪಾಪೂನ ಇವರು ನೋಡ್ಕೋತಾರೆ, ಸರಿ. ಇವರನ್ನ ನೋಡ್ಕೊಳ್ಳೋರು ಯಾರೇ?"